ಗಾಯದ ಮೇಲೆ ಬರೆ

ಮೂವತ್ತೊಂದು ವರ್ಷ ಠಸ್ಸೆ ಒತ್ತಿದ ಕೈ ಇದು.
ವೀಟಿ ಸ್ಟೇಷನ್ನಿನ ಮಗ್ಗುಲ ದೊಡ್ಡ ಟಪಾಲು ಕಚೇರಿಯಲ್ಲಿ
ಗುಮ್ಮಟದ ಕೆಳಗೆ, ಪಾರಿವಾಳಗಳ ಗುಟುರಿನ ಕೆಳಗೆ
ಪ್ಯಾಡಿಗೊಂದು ಏಟು, ಲಕೋಟೆಗೊಂದು ಏಟು,
ಠಕ್-ಠಕ್, ಠಕ್-ಠಕ್.
ಆಮೇಲೆ ಯಂತ್ರ ಬಂತು. ಏಟು ನಿಂತಿತು.
ಮೊಣಕೈಗೆ ಮಾತ್ರ ಯಾರೂ ಹೇಳಲಿಲ್ಲ.

ಈಗ ಹಾಲಿನ ಪಾತ್ರೆ ಎತ್ತಲಾರೆ.
ಬೀಗದೊಳಗೆ ಕೀಲಿ ತಿರುಗಿಸಲಾರೆ;
ಪಕ್ಕದ ಮನೆಯ ಪೋರಿ ಸ್ಕೂಲಿಂದ ಬರುವವರೆಗೆ
ಮುಲುಂಡಿನ ಮೂರನೇ ಮಹಡಿಯ ಮೆಟ್ಟಿಲ ಮೇಲೆ
ಕೊತ್ತಂಬರಿ ಬಾಡಿಸುತ್ತ ಕೂತಿದ್ದೇನೆ, ಎರಡು ಸಲ.

ಕೊಯ್ದು ನೋಡೋಣ ಅಂದ ಮೊದಲನೆಯ ಡಾಕ್ಟರು.
ಎರಡನೆಯವನ ಇಂಜೆಕ್ಷನ್ನು
ಮೂರು ತಿಂಗಳು ಬಾಡಿಗೆಗೆ ಸಿಕ್ಕ ಸುಖ;
ಅವಧಿ ಮುಗಿದದ್ದೇ
ಸಾಮಾನು ಸಮೇತ ನೋವು ವಾಪಸು ಬಂತು.

ದಾದರಿನ ಗೌತಮಿ ಕರಂದೀಕರ, ಮೂರನೆಯವಳು,
ತಣ್ಣನೆಯ ಜೆಲ್ಲು ಸವರಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು.
ಬೂದುಬಣ್ಣದ ಗೆರೆಗಳು. ಒಂದು ಕಡೆ ಮಾತ್ರ
ಜುಲೈ ತಿಂಗಳ ಕಾರ್ಡಿನ ಅಕ್ಷರಗಳಂತೆ ಕಲಸಿಹೋಗಿತ್ತು.
"ಗಾಯ ಎಷ್ಟು ಹಳೆಯದೆಂದರೆ ಮಾವ್ಶಿ,
ಮೈ ಅದನ್ನು ಮರೆತೇಬಿಟ್ಟಿದೆ.
ಸೂಜಿಯಿಂದ ಅಲ್ಲೇ ಚುಚ್ಚಿ ಹೊಸ ಗಾಯ ಮಾಡುತ್ತೇನೆ,
ನಿಮ್ಮದೇ ರಕ್ತದ ಸಾರ ಅಲ್ಲಿ ಬಿಡುತ್ತೇನೆ.
ಮರೆತದ್ದು ನೆನಪಾಗಲಿ."

ನನಗೆ ನಗು ಬಂತು.
ಅಂಕೋಲೆಯಲ್ಲಿ ನನ್ನಜ್ಜಿಯ ಮೊಣಕೈಗೆ
ಅರಿಶಿನ ಕೊಂಬು ಸುಟ್ಟು ಬರೆ ಹಾಕಿದ್ದರು, ಸಾಲಾಗಿ ಮೂರು.
ಸ್ಲೇಟು ಹಿಡಿದು ನಿಂತಿದ್ದ ನಾನು ಕೇಳಿದ್ದೆ,
ಏನಂತ ಬರೆದಿದ್ದಾರೆ ಅಜ್ಜಿ?
ಅವಳು ಕೈ ತಿರುಚಿ ನೋಡಿಕೊಂಡು
"ಓದಲಿಕ್ಕೆ ನಂಗೆಲ್ಲಿ ಬರ್ತದೆ ಮಗಾ,
ಉರಿ ಅಂತ ಬರೆದಿರಬೇಕು" ಅಂದಿದ್ದಳು.

ಎಡಗೈಯಿಂದ ರಕ್ತ ತೆಗೆದರು,
ಡಬ್ಬಿಯೊಳಗೆ ಗರಗರ ತಿರುಗಿಸಿದರು.
ಕೆಂಪು ತಳಕ್ಕೆ ಕೂತು ಮೇಲೆ ತಿಳಿಹಳದಿ ನಿಂತಿತು,
ಅರಿಶಿನ ಕದಡಿದ ನೀರಿನ ಹಾಗೆ.
ಇದು ನನಗೆ ಗೊತ್ತಿದ್ದ ಕೆಲಸವೇ:
ಕಳಿಸಿದವರಿಗೆ ವಾಪಸು.
ಮನೆಗೆ ಬೀಗ, ಊರು ಬಿಟ್ಟಿದ್ದಾರೆ, ವಿಳಾಸ ಅಪೂರ್ಣ,
ಎಷ್ಟು ಕಟ್ಟು ಕಟ್ಟಿಲ್ಲ ನಾನು!
ಅವು ಮರಳಿ ಕೈಗೆ ಬಂದಾಗ
ಮುಖ ಹೇಗಾಗುತ್ತದೆಂದು ಮಾತ್ರ ನೋಡಿರಲಿಲ್ಲ.

ಪರದೆಯ ಮೇಲೆ ಸೂಜಿ ಬಿಳಿ ಗೆರೆಯಾಗಿ ಇಳಿಯಿತು.
ಒಂದು, ಎರಡು, ಏಳು... ಎಣಿಕೆ ತಪ್ಪಿತು.
ಸದ್ದಿಲ್ಲ, ಆದರೆ ಅದೇ ಲಯ.
ಹಲ್ಲು ಕಚ್ಚಿದೆ.
ಲಕೋಟೆಗಳು ಒಂದು ದಿನವೂ ಅತ್ತಿರಲಿಲ್ಲವಲ್ಲ.

"ನಾಲ್ಕು ದಿನ ನೋವು ಜೋರಾಗುತ್ತದೆ,
ಉರಿ ಇಳಿಸುವ ಗುಳಿಗೆ ಬೇಡ.
ಖಾತ್ರಿ ಅಂತ ನಾನು ಹೇಳಲಾರೆ" ಎಂದಳು.
ಹದಿನಾಲ್ಕು ಸಾವಿರದ ರಸೀದಿಗೆ ಕೌಂಟರಿನ ಹುಡುಗ
ಠಸ್ಸೆ ಒತ್ತಿದ, ಓರೆಯಾಗಿ, ಅರ್ಧ ಮಸಿಯಲ್ಲಿ.
ತಡೆಯಲಾಗಲಿಲ್ಲ.
"ಮಣಿಕಟ್ಟು ಸಡಿಲ ಬಿಡು ಬಾಳಾ,
ಭುಜದಿಂದ ಒತ್ತು" ಅಂದೆ.
ಮೂವತ್ತೊಂದು ವರ್ಷ ನನಗೆ ಯಾರೂ ಹೇಳದ್ದು.

ಆ ರಾತ್ರಿ ಗಾದೆಯ ಪೂರ್ತಿ ಅರ್ಥ ತಿಳಿಯಿತು.
ಹೊದಿಕೆ ತಾಗಿದರೂ ಉರಿ.
ಕಿಟಕಿಯಾಚೆ ಕೊನೆಯ ಲೋಕಲ್ಲು ಹೋಗಿ
ಮೊದಲನೆಯದು ಬರುವವರೆಗೆ
ಒಳಗೆ ಯಾರೋ ಕೂತು ಬರೆಯುತ್ತಲೇ ಇದ್ದರು.

ಎಂಟನೇ ವಾರ,
ಮೋರಿಯ ಪಕ್ಕ ಕೂತು ನೆಲ ಒರೆಸುವ ಬಟ್ಟೆ ಹಿಂಡಿದೆ.
ಪೂರ್ತಿ ಅಲ್ಲ. ಹಗ್ಗಕ್ಕೆ ಹಾಕಿದ ಮೇಲೂ
ಕೆಳಗಿನ ಶಿರ್ಸಾಟಬಾಯಿಯ ಹಪ್ಪಳದ ಮೇಲೆ ನೀರು ಸುರಿದು
ಅವಳು ಕೂಗಾಡಿದಳು.

ಕೂಗಲಿ.
ದೀಪಾವಳಿಯ ಹೊತ್ತಿಗೆ ಇದಕ್ಕಿಂತ ಜೋರಾಗಿ ಕೂಗುತ್ತಿದ್ದಳು.